ಅಪ್ಪ ಅಮ್ಮನ ಅಮೆರಿಕ ಟಿಕೆಟ್: ಯಾವ ದಾರಿ, ಎಷ್ಟು ಮೈಲ್ಸ್?

ಪುಣೆ, ಹೈದರಾಬಾದ್, ಚೆನ್ನೈ ಕಡೆ ಇರೋ ನಮ್ಮಂಥವರ ಮನೇಲಿ ಒಂದು ಸಂಗತಿ ಸಾಮಾನ್ಯ. ಅಣ್ಣ ಇಲ್ಲಿ, ತಂಗಿ ಅಮೆರಿಕದಲ್ಲಿ, ಅಪ್ಪ ಅಮ್ಮ ಊರಲ್ಲಿ. ತಂಗಿಗೆ ದಿನ ಹತ್ತಿರ ಬಂತು ಅಂದ್ರೆ ಬಾಣಂತನಕ್ಕೆ ಅಮ್ಮ ಹೋಗಲೇಬೇಕು. ಟಿಕೆಟ್ ನೋಡೋ ಕೆಲಸ ಮಾತ್ರ 'ಕಂಪ್ಯೂಟರ್ ಗೊತ್ತಿರೋ' ಮಗನ ತಲೆ ಮೇಲೆ ಬೀಳುತ್ತೆ.

ನಮ್ಮ ಮನೆಯ ಇನ್‌ಪುಟ್ ಇಷ್ಟು. ಅಮ್ಮನಿಗೆ 63, ಮಂಡಿನೋವು, ವಿಮಾನ ಹತ್ತಿದ್ದೇ ಇಲ್ಲ. ಅಪ್ಪನಿಗೆ 68. ಕೆಜಿಎಫ್‌ನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ್ದರಿಂದ ಕನ್ನಡದ ಜೊತೆ ತಮಿಳೂ ತೆಲುಗೂ ಸಲೀಸು, ಇಂಗ್ಲಿಷ್ ಬೋರ್ಡ್ ಓದಿಕೊಳ್ಳುವಷ್ಟು. ಹತ್ತಬೇಕಾದ್ದು ಬೆಂಗಳೂರಿನಲ್ಲಿ, ಇಳಿಯಬೇಕಾದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ನನ್ನ ಹತ್ತಿರ ಆರು ವರ್ಷದಿಂದ ಕೂಡಿದ್ದ ಕ್ರೆಡಿಟ್ ಕಾರ್ಡ್ ಪಾಯಿಂಟ್ಸ್.

ಮೊದಲು ಗ್ಲೋಬ್, ಆಮೇಲೆ ರೇಟು

ಬೆಂಗಳೂರಿಗೆ ಸ್ಯಾನ್ ಫ್ರಾನ್ಸಿಸ್ಕೋ ಭೂಮಿಯ ಹೆಚ್ಚುಕಮ್ಮಿ ಆಚೆ ಬದಿಯಲ್ಲಿದೆ. ಸಮಯದ ವ್ಯತ್ಯಾಸ ಚಳಿಗಾಲದಲ್ಲಿ 13 ಗಂಟೆ 30 ನಿಮಿಷ, ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ. ಅಂದರೆ ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಹಗಲು ರಾತ್ರಿ ಅದಲುಬದಲಾಗುವುದು ತಪ್ಪಲ್ಲ. ಹಾಗಾಗಿ ಎರಡೂ ದಿಕ್ಕನ್ನು ಹುಡುಕಬೇಕು. ನಮ್ಮಲ್ಲಿ ಬಹಳ ಜನ ಗಲ್ಫ್ ಅಥವಾ ಯುರೋಪ್ ದಾರಿ ನೋಡಿ ಅಲ್ಲಿಗೇ ನಿಲ್ಲಿಸಿಬಿಡ್ತಾರೆ.

ನೇರ ದೂರ ಸುಮಾರು 14,000 ಕಿ.ಮೀ. ಟೋಕಿಯೋ ಮೇಲೆ ಹೋದರೆ ಸುಮಾರು 14,900, ಹಾಂಗ್‌ಕಾಂಗ್ ಮೇಲೆ 15,000 ಚಿಲ್ಲರೆ, ದುಬೈ ಮೇಲೆ 15,700, ಫ್ರಾಂಕ್‌ಫರ್ಟ್ ಮೇಲೆ 16,500 ಚಿಲ್ಲರೆ, ಸಿಂಗಾಪುರದ ಮೇಲೆ 16,700 ಚಿಲ್ಲರೆ. ದೂರದಲ್ಲಿ ಭಾರೀ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರೋದು ಆ ದೂರ ಹೇಗೆ ತುಂಡಾಗುತ್ತೆ ಅನ್ನೋದರಲ್ಲಿ. ಫ್ರಾಂಕ್‌ಫರ್ಟ್ ದಾರಿಯಲ್ಲಿ ಎರಡೂ ತುಂಡು ಹತ್ತಿರ ಹತ್ತಿರ ಸಮ. ದುಬೈ, ಸಿಂಗಾಪುರ ದಾರಿಗಳಲ್ಲಿ ಮೊದಲು ಚಿಕ್ಕದು, ಆಮೇಲೆ ಒಂದೇ ಉಸಿರಿಗೆ 13,000 ಕಿ.ಮೀ. ದಾಟಿದ ಹಾರಾಟ. ಮಂಡಿನೋವು ಇರುವವರಿಗೆ ಸಮ ತುಂಡು ಒಳ್ಳೆಯದು. ನಿದ್ದೆ ಬರುವವರಿಗೆ ಒಂದು ಉದ್ದದ ತುಂಡು.

ಗಾಳಿಯನ್ನೂ ಲೆಕ್ಕಕ್ಕೆ ತಗೊಳ್ಳಿ. ಎತ್ತರದಲ್ಲಿ ಬೀಸುವ ಜೆಟ್ ಸ್ಟ್ರೀಮ್ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತೆ. ಅದಕ್ಕೇ ಸಿಂಗಾಪುರದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವಾಗ ಹಿಡಿಯೋ ಸಮಯಕ್ಕಿಂತ ಅದೇ ದಾರೀಲಿ ವಾಪಸ್ ಬರುವಾಗ ಒಂದು ಗಂಟೆಗೂ ಮಿಕ್ಕಿ ಜಾಸ್ತಿ. ಹೋಗುವಾಗ ಪೆಸಿಫಿಕ್, ಬರುವಾಗ ಅಟ್ಲಾಂಟಿಕ್ ಅಂತ ಮಾಡಿದರೆ ಎರಡು ಸಲವೂ ಗಾಳಿ ಬೆನ್ನಿಗಿರುತ್ತೆ. ಬಿಡಿ ಬಿಡಿಯಾಗಿ ಒಂದೊಂದು ಬದಿಗೆ ಮೈಲ್ಸ್ ಬಳಸುವವರಿಗೆ ಇದು ಸುಲಭ.

ನೇರ ವಿಮಾನದ ಮಾತು. ಏರ್ ಇಂಡಿಯಾ 2021ರ ಜನವರಿಯಲ್ಲಿ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೇರ ಹಾರಾಟ ಶುರು ಮಾಡಿತು. ಹಿರಿಯರಿಗೆ ಅದಕ್ಕಿಂತ ಸರಳ ದಾರಿ ಇಲ್ಲ. ಆದರೆ ಇಷ್ಟು ಉದ್ದದ ಹಾರಾಟಗಳು ತೆಳುವಾದ ಲೆಕ್ಕದ ಮೇಲೆ ನಿಂತಿರುತ್ತವೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ವಾಯುಪ್ರದೇಶ ಭಾರತದ ವಿಮಾನಗಳಿಗೆ ಮುಚ್ಚಿದ ಮೇಲೆ ದೆಹಲಿಯಿಂದ ಹೊರಟ ಕೆಲವು ಅಮೆರಿಕ ವಿಮಾನಗಳು ಯುರೋಪಿನಲ್ಲಿ ಇಂಧನಕ್ಕೆ ನಿಲ್ಲಬೇಕಾಯಿತು. ಆರು ತಿಂಗಳ ಮುಂಚೆ ಬುಕ್ ಮಾಡುವಾಗ ಆ ಹಾರಾಟ ಇನ್ನೂ ನಡೀತಿದೆಯಾ, ಎಲ್ಲಾದರೂ ಇಳಿಯುತ್ತಾ ಅಂತ ಖಚಿತಪಡಿಸಿಕೊಳ್ಳಿ.

ಎಲ್ಲಿ ಇಳಿದು ಹತ್ತಬೇಕು

ನಾನು ಹಾಕಿಕೊಂಡ ನಿಯಮ ಮೂರು.

ಒಂದು, ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿ ಇರಬೇಕು. ಹತ್ತು ಸಾವಿರ ಉಳಿಯುತ್ತೆ ಅಂತ ಎರಡು ಬೇರೆ ಟಿಕೆಟ್ ಮಾಡಿದರೆ, ಮೊದಲ ವಿಮಾನ ತಡವಾದಾಗ ಎರಡನೆಯವರು ಜವಾಬ್ದಾರರಲ್ಲ. ಲಗೇಜ್ ಕೂಡ ಮಧ್ಯದಲ್ಲಿ ಬಿಡಿಸಿಕೊಳ್ಳಬೇಕಾಗಬಹುದು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು.

ಎರಡು, ಯುರೋಪಿನಲ್ಲಿ ಒಂದೇ ಕಡೆ ಇಳಿಯಬೇಕು. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಷೆಂಗೆನ್ ದೇಶಗಳ ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾ ಬೇಡ. ಆದರೆ ಮ್ಯೂನಿಕ್‌ನಲ್ಲಿ ಇಳಿದು ಫ್ರಾಂಕ್‌ಫರ್ಟ್‌ಗೆ ಹಾರಿ ಅಲ್ಲಿಂದ ಅಮೆರಿಕ ಅಂದ್ರೆ ನೀವು ಷೆಂಗೆನ್ ಒಳಗೆ ಕಾಲಿಟ್ಟ ಹಾಗೆ. ಪೂರ್ತಿ ಷೆಂಗೆನ್ ವೀಸಾ ಬೇಕು. ಬುಕಿಂಗ್ ಸೈಟ್ ಇದನ್ನ ಎಚ್ಚರಿಸದೇ ಮಾರಬಹುದು.

ಮೂರು, ಅಮೆರಿಕದ ಒಳಗೆ ವಿಮಾನ ಬದಲಿಸೋದು ಬೇಡ. ಅಲ್ಲಿ ಮೊದಲು ಕಾಲಿಟ್ಟ ಊರಲ್ಲೇ ಇಮಿಗ್ರೇಷನ್, ಪೆಟ್ಟಿಗೆ ಎತ್ತಿಕೊಳ್ಳೋದು, ಕಸ್ಟಮ್ಸ್, ಮತ್ತೆ ಪೆಟ್ಟಿಗೆ ಒಪ್ಪಿಸೋದು. ಅಂಟಿನುಂಡೆ, ಮೆಂತ್ಯದ ಹಿಟ್ಟು, ಚಟ್ನಿಪುಡಿ ತುಂಬಿದ ನಾಲ್ಕು ಪೆಟ್ಟಿಗೆ ಜೊತೆ ಇದನ್ನ ಎರಡು ಗಂಟೇಲಿ ಮುಗಿಸೋದು ಹಿರಿಯರಿಗೆ ಕಷ್ಟ. ತಿಂಡಿ ಇದೆ ಅಂತ ಕಸ್ಟಮ್ಸ್‌ನಲ್ಲಿ ಹೇಳಿಬಿಡಬೇಕು, ಮುಚ್ಚಿಡಬಾರದು. ನ್ಯೂಯಾರ್ಕ್, ಷಿಕಾಗೋ ಕಡೆ ಹೋಗುವವರಿಗೆ ಅಬುಧಾಬಿ ಒಂದು ಅನುಕೂಲ: ಅಮೆರಿಕದ ಇಮಿಗ್ರೇಷನ್ ಅಲ್ಲೇ, ವಿಮಾನ ಹತ್ತೋ ಮೊದಲೇ ಮುಗಿಯುತ್ತೆ.

ಕಾಯುವ ಸಮಯ ನನ್ನ ಪ್ರಕಾರ ಮೂರರಿಂದ ಐದು ಗಂಟೆ ಇರಲಿ. ಗಾಲಿಕುರ್ಚಿ ಬುಕ್ ಮಾಡುವಾಗಲೇ ಕೇಳಿ, ಅದಕ್ಕೆ ದುಡ್ಡಿಲ್ಲ. ಊಟಕ್ಕೆ ಎವಿಎಂಎಲ್ ಅನ್ನೋ ಕೋಡ್ ಹಾಕಿಸಿದರೆ ನಮ್ಮ ಕಡೆಯ ಸಸ್ಯಾಹಾರ ಸಿಗುತ್ತೆ.

ಮೈಲ್ಸ್ ಅಂದ್ರೆ ದುಡ್ಡೇ, ಆದರೆ ಕರಗುವ ದುಡ್ಡು

ವಿಮಾನ ಕಂಪನಿಗಳು ದೊಡ್ಡ ಗುಂಪುಗಳಲ್ಲಿವೆ. ಏರ್ ಇಂಡಿಯಾ, ಸಿಂಗಾಪುರ್ ಏರ್‌ಲೈನ್ಸ್, ಲುಫ್ತಾನ್ಸಾ, ಯುನೈಟೆಡ್ ಸ್ಟಾರ್ ಅಲಯನ್ಸ್‌ನಲ್ಲಿ. ಕತಾರ್, ಬ್ರಿಟಿಷ್ ಏರ್‌ವೇಸ್, ಜಪಾನ್ ಏರ್‌ಲೈನ್ಸ್, ಕ್ಯಾಥೆ ಒನ್‌ವರ್ಲ್ಡ್‌ನಲ್ಲಿ. ಒಂದರ ಮೈಲ್ಸ್ ಕೊಟ್ಟು ಅದೇ ಗುಂಪಿನ ಇನ್ನೊಂದರ ಸೀಟು ತಗೋಬಹುದು. ಎಮಿರೇಟ್ಸ್ ಯಾವ ಗುಂಪಿನಲ್ಲೂ ಇಲ್ಲ.

ಮೈಲ್ಸ್ ಬಳಸಬೇಕಾ ಬೇಡವಾ ಅನ್ನೋದಕ್ಕೆ ಒಂದೇ ಫಾರ್ಮುಲಾ. ಟಿಕೆಟ್ ಬೆಲೆಯಿಂದ ಮೈಲ್ಸ್ ಟಿಕೆಟ್ ಮೇಲೆ ಕಟ್ಟಬೇಕಾದ ತೆರಿಗೆ, ಸರ್‌ಚಾರ್ಜ್ ಕಳೆಯಿರಿ. ಉಳಿದದ್ದನ್ನು ಬೇಕಾಗುವ ಮೈಲ್ಸ್‌ನಿಂದ ಭಾಗಿಸಿ. ಲೆಕ್ಕಕ್ಕೆ ಅಂತ ಟಿಕೆಟ್ 70,000 ರೂಪಾಯಿ, ಮೈಲ್ಸ್ ದಾರೀಲಿ 45,000 ಮೈಲ್ಸ್ ಮತ್ತು 16,000 ರೂಪಾಯಿ ಅಂದುಕೊಳ್ಳಿ. 54,000ವನ್ನು 45,000ದಿಂದ ಭಾಗಿಸಿದರೆ ಮೈಲ್‌ಗೆ 1.20 ರೂಪಾಯಿ. ಅದೇ ಪಾಯಿಂಟ್‌ಗೆ ಕಾರ್ಡ್‌ನವರು ಬಿಲ್ಲಿನಲ್ಲಿ ಎಷ್ಟು ಕಳೀತಾರೆ ಅಂತ ಹೋಲಿಸಿ ನೋಡಿ.

ಬಿಸಿನೆಸ್ ಕ್ಲಾಸಿಗೆ ಇದೇ ಫಾರ್ಮುಲಾ ಹಾಕಿದರೆ ಎರಡೂವರೆ ರೂಪಾಯಿ ಬಂದು ಕಣ್ಣು ಅರಳುತ್ತೆ. ಅಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ: ಮೈಲ್ಸ್ ಇಲ್ಲದಿದ್ದರೆ ಆ ಮೂರು ಲಕ್ಷ ನಾನು ಜೇಬಿಂದ ಕೊಡ್ತಿದ್ದೆನಾ? ಇಲ್ಲ ಅಂದ್ರೆ ಆ ಎರಡೂವರೆ ರೂಪಾಯಿ ಕಾಗದದ ಮೇಲಿನ ಲಾಭ.

ಕ್ರಮವೂ ಮುಖ್ಯ. ಮೊದಲು ಸೀಟು ಹುಡುಕಿ, ಆಮೇಲೆ ಕಾರ್ಡ್ ಪಾಯಿಂಟ್ಸ್ ವರ್ಗಾಯಿಸಿ. ಒಮ್ಮೆ ಹೋದ ಪಾಯಿಂಟ್ ಸಾಮಾನ್ಯವಾಗಿ ವಾಪಸ್ ಬರಲ್ಲ. ಹುಡುಕುವಾಗಲೇ ಇಬ್ಬರು ಅಂತ ಹಾಕಿ. ಒಂದು ಸೀಟು ತೋರಿಸಿದರೆ ಎರಡಿವೆ ಅಂತ ಅರ್ಥ ಅಲ್ಲ. ಮೈಲ್ಸ್ ಸೀಟುಗಳು ಹೆಚ್ಚಾಗಿ ಸುಮಾರು ಹನ್ನೊಂದು ತಿಂಗಳ ಮುಂಚೆ ತೆರೆಯುತ್ತವೆ, ಕೆಲವು ಸಲ ಕೊನೆಯ ವಾರಗಳಲ್ಲಿ ಮತ್ತೆ ಬರುತ್ತವೆ. ಕೂಡಿಟ್ಟು ಕಾಯೋದೂ ನಷ್ಟವೇ: ಸಿಂಗಾಪುರದ ಕ್ರಿಸ್‌ಫ್ಲೈಯರ್ ಮೈಲ್ಸ್ ಆಯಸ್ಸು ಮೂರು ವರ್ಷ, ಮತ್ತೆ ಯಾವ ಕಂಪನಿ ಬೇಕಾದರೂ ತನ್ನ ಪಟ್ಟಿ ಏರಿಸಬಹುದು.

ನಮ್ಮ ಮನೆಯ ತೀರ್ಮಾನ

ನನ್ನ ಮೈಲ್ಸ್ ಅಮ್ಮನೊಬ್ಬಳಿಗೆ ಒಂದು ಬದಿಯ ಬಿಸಿನೆಸ್ ಕ್ಲಾಸಿಗೆ ಸಾಕಾಗ್ತಿತ್ತು, ಅಥವಾ ಇಬ್ಬರಿಗೂ ಹೋಗಿ ಬರೋ ಎಕಾನಮಿಗೆ. ಮಂಡಿ ನೋಡಿದರೆ ಮೊದಲನೆಯದೇ ಸರಿ ಅನ್ನಿಸಿತು. ಅಮ್ಮ ಕೇಳಿದ್ದು ಒಂದೇ ಮಾತು: "ನಿಮ್ಮಪ್ಪನ್ನ ಹಿಂದೆ ಕೂರಿಸಿ ನಾನು ಮುಂದೆ ಕಾಲು ಚಾಚಿ ಮಲಗ್ಲೇನಪ್ಪಾ?"

ಅಲ್ಲಿಗೆ ಇಬ್ಬರಿಗೂ ಎಕಾನಮಿ, ಸಿಂಗಾಪುರದ ಮೇಲೆ. ಅಮ್ಮನಿಗೆ ಹಜಾರದ ಪಕ್ಕದ ಸೀಟು, ಎರಡು ಗಂಟೆಗೊಮ್ಮೆ ಎದ್ದು ಓಡಾಡಬೇಕು ಅನ್ನೋ ಕರಾರು. ನಕಾಶೆಯಲ್ಲಿ ಟೋಕಿಯೋ ದಾರಿಯೇ ಹತ್ತಿರ. ಆದರೆ ಸಿಂಗಾಪುರದಲ್ಲಿ ತಮಿಳು ಅಧಿಕೃತ ಭಾಷೆಗಳಲ್ಲಿ ಒಂದು, ದಾರಿ ತಪ್ಪಿದರೆ ಅಪ್ಪ ಬಾಯಿಬಿಟ್ಟು ಕೇಳಬಲ್ಲರು. ಈ ಸಂಗತಿ ಯಾವ ಬುಕಿಂಗ್ ಸೈಟಿನ ಫಿಲ್ಟರ್‌ನಲ್ಲೂ ಇಲ್ಲ. ನಿಮ್ಮ ಎಕ್ಸೆಲ್ ಹಾಳೆಗೆ ಆ ಕಾಲಮ್ ನೀವೇ ಸೇರಿಸಬೇಕು: ನನ್ನ ಅಪ್ಪ ಅಮ್ಮನಿಗೆ ಎಲ್ಲಿ ಧೈರ್ಯ ಇರುತ್ತೆ?

ನಿಮ್ಮ ಮನೆಯವರಿಗೆ ಯಾವ ದಾರಿ ಹಿಡಿಸಿತು ಅಂತ ತಿಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ.