ಬಿಸಿನೀರು ಬೆಚ್ಚಗಿಟ್ಟ ಪಟ್ಟಣ

ಚಳಿಗಾಲವೆಂದರೆ ನಮ್ಮ ನಾಡಿನಲ್ಲಿ ಹೊದೆಯಲೊಂದು ಕಂಬಳಿ, ಬೆಳಗ್ಗೆ ಮೀಯಲು ಒಂದು ಹಂಡೆ ಬಿಸಿನೀರು, ಇಷ್ಟರಲ್ಲಿಯೇ ಮುಗಿದುಹೋಗುವುದು. ವರ್ಷದ ಬಹುಭಾಗ ಮನೆಯ ಒಳಗನ್ನೇ ಕಾಯಿಸಿಕೊಂಡಿರದಿದ್ದರೆ ಬದುಕುವುದು ದುಸ್ತರವಾಗುವ ದೇಶಗಳೂ ಉಂಟೆಂಬುದು ನಮಗೆ ಸುಲಭವಾಗಿ ಹೊಳೆಯುವುದಿಲ್ಲ. ಉತ್ತರ ಅಟ್ಲಾಂಟಿಕ್ ಸಾಗರದಲ್ಲಿರುವ ಐಸ್‌ಲೆಂಡ್ ದ್ವೀಪವು ಅಂತಹದೊಂದು ದೇಶ. ಅದರ ರಾಜಧಾನಿ ರೇಕ್ಯಾವಿಕ್. ಇಂದು ಈ ಪಟ್ಟಣದ ಮನೆಗಳನ್ನು ಬೆಚ್ಚಗಿಡಲು ಕಲ್ಲಿದ್ದಲೂ ಬೇಡ, ಎಣ್ಣೆಯೂ ಬೇಡ. ಭೂಮಿಯ ಒಡಲಿನ ಕಾವಿನಿಂದ ಬಿಸಿಯಾದ ನೀರು ಕೊಳವೆಗಳಲ್ಲಿ ಹರಿದು ಬಂದು ಆ ಕೆಲಸವನ್ನು ಮಾಡುವುದು. ಭೂಮಂಡಲದ ಹವೆಯೇ ಏರುಪೇರಾಗುತ್ತಿರುವ ಈ ದಿನಗಳಲ್ಲಿ ಯೂರೋಪಿನ ಎಷ್ಟೋ ಪಟ್ಟಣಗಳು ಹೊಗೆಯಿಲ್ಲದೆ ಮನೆ ಕಾಯಿಸುವ ದಾರಿಯನ್ನು ಹುಡುಕುತ್ತಿರುವುವು. ಅದನ್ನು ಎಂದೋ ಸಾಧಿಸಿದ ಈ ಊರಿನ ವೃತ್ತಾಂತವನ್ನು ಕೇಳಿದವರು, “ಪುಣ್ಯವಂತರು! ನೆಲದಲ್ಲಿಯೇ ಬಿಸಿನೀರು ಇದ್ದಿತು” ಎನ್ನಬಹುದು. ಇದ್ದಿತು, ನಿಜ. ಆದರೆ ಇದ್ದ ನೀರು ಮನೆಯ ಹೊಸಿಲು ದಾಟುವುದಕ್ಕೆ ಸಾವಿರ ವರ್ಷ ಹಿಡಿಯಿತು.

ಒಂಬತ್ತನೆಯ ಶತಮಾನದಲ್ಲಿ ನಾರ್ವೆಯಿಂದ ಬಂದು ನೆಲೆಸಿದ ಇಂಗೋಲ್ಫರ್ ಆರ್ನಾರ್ಸನ್ ಎಂಬವನು ನೆಲದಿಂದೇಳುತ್ತಿದ್ದ ಹಬೆಯನ್ನು ಕಂಡು ಈ ಸ್ಥಳವನ್ನು ರೇಕ್ಯಾವಿಕ್, ಎಂದರೆ ‘ಹೊಗೆಯ ಕೊಲ್ಲಿ’, ಎಂದು ಕರೆದನೆಂದು ಪ್ರತೀತಿ. ಆ ಹಬೆಯ ಬುಗ್ಗೆಗಳು ಊರಿನಿಂದ ಎರಡು ಮೈಲಿಯಷ್ಟು ಪೂರ್ವಕ್ಕೆ, ಲಾಯ್ಗರ್‌ದಾಲುರ್ ಎಂಬ ತಗ್ಗಿನಲ್ಲಿದ್ದುವು. ಬಿಸಿನೀರನ್ನು ಅಷ್ಟು ದೂರ ಹೊತ್ತು ತರಲಾಗದು. ಆದುದರಿಂದ ಬಟ್ಟೆಯೇ ನೀರಿನ ಬಳಿಗೆ ಹೋಗಬೇಕಾಯಿತು. ಹೊರುವವರು ಯಾರೆಂದು ಹೇಳಬೇಕೆ? ಹೆಂಗಸರು! ಒಗೆಯುವ ಬಟ್ಟೆಯ ಗಂಟು, ಮರದ ಬಾನಿ, ಹಲಗೆ, ಸಾಬೂನು, ದಿನದ ಬುತ್ತಿ ಇವೆಲ್ಲವನ್ನೂ ಬೆನ್ನಿಗೇರಿಸಿಕೊಂಡು ಅವರು ಜೌಗುನೆಲವನ್ನೂ ಹಳ್ಳಗಳನ್ನೂ ದಾಟಿ ನಡೆಯುತ್ತಿದ್ದರು. ಸೂರ್ಯನು ನಾಲ್ಕೈದು ಗಂಟೆ ಮಾತ್ರ ಮುಖ ತೋರುವ ಚಳಿಗಾಲದಲ್ಲಿಯೂ ಈ ಯಾತ್ರೆ ತಪ್ಪುತ್ತಿರಲಿಲ್ಲ. ಸಂಜೆ ಹಿಂದಿರುಗುವಾಗ ಒದ್ದೆಬಟ್ಟೆಯ ಭಾರ ಬೇರೆ. ಬಹುಮಂದಿ ಸಿರಿವಂತರ ಮನೆಯ ಕೆಲಸದವರು; ತಮ್ಮ ಮೈಯ ಬಟ್ಟೆಗಿಂತ ಪರರ ಬಟ್ಟೆಯೇ ಅವರ ಪಾಲಿಗೆ ಹೆಚ್ಚಾಗಿದ್ದಿತು. ಕಾಲುಜಾರಿ ಕುದಿನೀರಿಗೆ ಬಿದ್ದು ಪ್ರಾಣ ಬಿಟ್ಟವರೂ ಉಂಟು. 1885ರಲ್ಲಿ ಇವರ ಸಲುವಾಗಿಯೇ ಒಂದು ರಸ್ತೆಯನ್ನು ಮಾಡಲು ತೊಡಗಿದರು. 1888ರಲ್ಲಿ ಊರಿನ ಸ್ತ್ರೀಯರ ಸಂಘವೊಂದು ಬುಗ್ಗೆಯ ಬಳಿ ಒಂದು ಆಸರೆಯ ಮನೆಯನ್ನು ಕಟ್ಟಿಸಿಕೊಟ್ಟಿತು. ಬುಗ್ಗೆಗೆ ಕಬ್ಬಿಣದ ಸರಳುಗಳನ್ನು ಹಾಕಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಲಾಯ್ಗವೇಗುರ್, ‘ಬುಗ್ಗೆಗಳ ಹಾದಿ’, ಎಂಬ ಆ ರಸ್ತೆಯೇ ಇಂದು ಅಲ್ಲಿಯ ದೊಡ್ಡ ಅಂಗಡಿಬೀದಿ.

ಇತ್ತ ಬಟ್ಟೆ ಬಿಸಿನೀರಿನಲ್ಲಿ ನೆನೆಯುತ್ತಿರಲು, ಅತ್ತ ಮನೆಗಳು ಹಡಗಿನಲ್ಲಿ ಬಂದ ಕಲ್ಲಿದ್ದಲನ್ನು ಉರಿಸುತ್ತಿದ್ದುವು. ಹಬೆಯಿಂದ ಹೆಸರು ಪಡೆದ ಕೊಲ್ಲಿಯ ಮೇಲೆ ನಿಜವಾದ ಹೊಗೆಯೇ ಕವಿಯಿತು. ಒಂದನೆಯ ಮಹಾಯುದ್ಧದಲ್ಲಿ ಕಲ್ಲಿದ್ದಲು ದುರ್ಲಭವೂ ದುಬಾರಿಯೂ ಆಯಿತು. ಅದರ ಮೇಲೆ 1918ರ ಚಳಿಗಾಲವು ಅತಿ ಕ್ರೂರವಾಗಿ ಬಂದಿತು. ಪರದೇಶದ ಹಡಗನ್ನು ನಂಬಿ ಮಕ್ಕಳನ್ನು ಬೆಚ್ಚಗಿಡುವುದೆಂತು ಎಂಬ ಚಿಂತೆ ಆಗ ಮನೆಮನೆಗೂ ತಟ್ಟಿತು.

ದಾರಿಯನ್ನು ಮೊದಲು ತೋರಿದವನು ಒಬ್ಬ ಬೇಸಾಯಗಾರನು. ಸ್ಟೆಫಾನ್ ಯೋನ್ಸನ್ ಎಂಬವನು 1908ರಲ್ಲಿ ರಾಜಧಾನಿಗೆ ಸಮೀಪದ ತನ್ನ ಹೊಲಮನೆಗೆ ಬುಗ್ಗೆಯ ನೀರನ್ನು ಕೊಳವೆಯಲ್ಲಿ ತಂದು ಮನೆಯನ್ನು ಕಾಯಿಸಿದನು. ಪಟ್ಟಣದವರು ಎಚ್ಚತ್ತದ್ದು ಇಪ್ಪತ್ತು ವರ್ಷಗಳ ಮೇಲೆ. 1928ರಲ್ಲಿ ಆ ಒಗೆಯುವ ಬುಗ್ಗೆಗಳ ಬಳಿಯಲ್ಲಿಯೇ ನೆಲವನ್ನು ಕೊರೆಯತೊಡಗಿದರು. ಸೆಕೆಂಡಿಗೆ 14 ಲೀಟರಿನಷ್ಟು, 87 ಡಿಗ್ರಿ ಕಾವಿನ ನೀರು ದೊರೆಯಿತು. 1930ರಲ್ಲಿ ಅದನ್ನು ಎರಡು ಮೈಲಿ ಹರಿಸಿ ಮೊದಲು ಒಂದು ಮಕ್ಕಳ ಶಾಲೆಗೆ ಕೊಟ್ಟರು. ಮೊದಲ ಬಿಸಿ ಮಕ್ಕಳಿಗೆ ಸಂದಿತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಬಳಿಕ ಆಸ್ಪತ್ರೆ, ಈಜುಕೊಳ, ಅರವತ್ತೆಪ್ಪತ್ತು ಮನೆಗಳು. ಅಲ್ಲಿಗೆ ಆ ನೀರು ಮುಗಿಯಿತು.

ಇಡೀ ಪಟ್ಟಣಕ್ಕೆ ಬೇಕಾದರೆ ಹತ್ತು ಮೈಲಿಗೂ ಮಿಕ್ಕ ದೂರದ ರೇಕಿರ್ ಎಂಬಲ್ಲಿಂದ ತರಬೇಕು. ಕೆಲಸ ಪ್ರಾರಂಭವಾಯಿತು, ಕೊಳವೆಗಳು ಡೆನ್ಮಾರ್ಕಿನಿಂದ ಬರಬೇಕಾಗಿದ್ದುವು. 1940ರ ಏಪ್ರಿಲ್ 9ರಂದು ಜರ್ಮನ್ ಸೇನೆ ಡೆನ್ಮಾರ್ಕನ್ನು ಹಿಡಿಯಿತು. ಸಾಮಾನು ಅಲ್ಲಿಯೇ ಉಳಿಯಿತು. ಅಗೆದ ಕಾಲುವೆಗಳು ಬಾಯ್ದೆರೆದುಕೊಂಡು ನಿಂತುವು. ಕೊನೆಗೆ ಅಮೆರಿಕದಿಂದ ಸಾಮಗ್ರಿಯನ್ನು ತರಿಸಿ, 1943ರ ನವೆಂಬರ್ 30ರಂದು ಮೊದಲನೆಯ ಕಟ್ಟಡಕ್ಕೆ ನೀರನ್ನು ಬಿಟ್ಟರು. ಅನಂತರದ ದಶಕಗಳಲ್ಲಿ ಕೊಳವೆಗಳು ಬೀದಿಯಿಂದ ಬೀದಿಗೆ ಹಬ್ಬಿದುವು. 1973ರಲ್ಲಿ ಎಣ್ಣೆಯ ಬೆಲೆ ಏರಿದಾಗ ನೆರೆಯ ಊರುಗಳೂ ಇದನ್ನೇ ಹಿಡಿದುವು. ಈಗ ಆ ದೇಶದ ಹತ್ತರಲ್ಲಿ ಒಂಬತ್ತು ಮನೆಗಳು ಭೂಮಿಯ ಕಾವಿನಿಂದಲೇ ಬೆಚ್ಚಗಿರುವುವು.

ಸುಮಾರು 75–80 ಡಿಗ್ರಿಯ ನೀರು ಮನೆಗೆ ಬಂದು, ಗೋಡೆಯ ಬದಿಯ ಲೋಹದ ಪೆಟ್ಟಿಗೆಗಳಲ್ಲಿ ಸುತ್ತಿ ತನ್ನ ಬಿಸಿಯನ್ನು ಕೋಣೆಗೆ ಕೊಟ್ಟು, 35 ಡಿಗ್ರಿಯಷ್ಟಾಗಿ ಹೊರಬೀಳುವುದು. ಆ ಉಗುರುಬೆಚ್ಚಗಿನ ನೀರನ್ನೂ ಬಿಡುವುದಿಲ್ಲ. ಕಾಲುದಾರಿಗಳ ಅಡಿಯಲ್ಲಿ ಹರಿಸಿ ಹಿಮವನ್ನು ಕರಗಿಸುವರು. ಗೃಹಿಣಿಯರಿಗೆ ಒಂದು ತೊಡಕೂ ಇಲ್ಲದಿಲ್ಲ: ನೀರಿಗೆ ಗಂಧಕದ ವಾಸನೆ, ಬೇಯಿಸಿದ ಮೊಟ್ಟೆಯಂತೆ, ಅದು ತಗುಲಿದ ಬೆಳ್ಳಿ ಕಪ್ಪಿಡುವುದು.

ಇದು ಬತ್ತದ ಅಕ್ಷಯಪಾತ್ರೆಯೆಂದು ಯಾರೂ ಭಾವಿಸಬಾರದು. ಬೇಡಿಕೆ ಏರಿದಂತೆಲ್ಲ ಹಳೆಯ ಬಾವಿಗಳ ಮಟ್ಟ ಕುಸಿಯತೊಡಗಿದ್ದಿತು. 1990ರಲ್ಲಿ 17 ಮೈಲಿ ದೂರದ ನೆಸ್ಯಾವೆಟ್ಲಿರ್ ಎಂಬಲ್ಲಿ, ನೆಲದ ಹಬೆಯಿಂದ ತಣ್ಣೀರನ್ನು ಕಾಯಿಸಿ ಕಳುಹಿಸಲು ಆರಂಭಿಸಿದ ಮೇಲೆ ಹಳೆಯ ಬಾವಿಗಳಿಗೆ ವಿಶ್ರಾಂತಿ ದೊರೆತು, ಮಟ್ಟ ಮತ್ತೆ ಏರಿತು. ಅಷ್ಟು ದೂರ ಹರಿದರೂ ಆ ನೀರು ಆರುವುದು ಎರಡು ಡಿಗ್ರಿಯಷ್ಟು ಮಾತ್ರ! ಹಬೆಯೊಡನೆ ಇಂಗಾಲಾಮ್ಲ ವಾಯುವೂ ಒಂದಿಷ್ಟು ಹೊರಬರುವುದುಂಟು. ಹೆಲ್ಲಿಸ್‌ಹೇಯ್ಡಿ ಎಂಬ ಮತ್ತೊಂದು ಸ್ಥಾವರದಲ್ಲಿ ಅದನ್ನು ನೀರಿನಲ್ಲಿ ಕರಗಿಸಿ ಕಪ್ಪುಶಿಲೆಯ ಆಳಕ್ಕೆ ಇಳಿಸಿ ನೋಡಿದರು. ಬಹುಪಾಲು ಎರಡು ವರ್ಷಗಳೊಳಗೆ ಕಲ್ಲಾಯಿತೆಂದು 2016ರಲ್ಲಿ ಪ್ರಕಟವಾಯಿತು.

ಕಾವನ್ನು ಕೊಡುವ ಆ ಭೂಮಿಯೇ ಮುನಿಯುವುದೂ ಉಂಟು. 2024ರ ಫೆಬ್ರವರಿ 8ರಂದು, ರಾಜಧಾನಿಗೆ ನೈರುತ್ಯದಲ್ಲಿರುವ ರೇಕ್ಯನೆಸ್ ಪರ್ಯಾಯದ್ವೀಪದಲ್ಲಿ ಲಾವಾರಸ ಹರಿದು ಬಿಸಿನೀರಿನ ಹೆಗ್ಗೊಳವೆಯನ್ನು ನುಂಗಿತು. 20 ಸಾವಿರಕ್ಕೂ ಮಿಕ್ಕ ಜನರ ಮನೆಗಳು ನಡುಚಳಿಗಾಲದಲ್ಲಿ ಕೆಲವು ದಿನ ತಣ್ಣಗಾದುವು. ಎಲ್ಲರೂ ಒಮ್ಮೆಗೇ ವಿದ್ಯುತ್ತಿನ ಒಲೆ ಹಚ್ಚಿದರೆ ತಂತಿಗಳು ತಡೆಯಲಾರವೆಂದು, ಮಿತವಾಗಿ ಬಳಸುವಂತೆ ಅಧಿಕಾರಿಗಳು ಬೇಡಿಕೊಂಡರು. ಹೊಸ ಕೊಳವೆ ಜೋಡಿಸುವವರೆಗೂ ಜನರು ಹಾಗೆಯೇ ಕಾದರು.

ಲಾಯ್ಗರ್‌ದಾಲುರಿನ ಆ ಹಳೆಯ ಬುಗ್ಗೆಗಳು ಈಗ ತಾವಾಗಿ ಉಕ್ಕುವುದಿಲ್ಲ. ಕೊರೆದ ಬಾವಿಗಳು ಅವುಗಳ ನೀರನ್ನು ಸೆಳೆದುಕೊಂಡುವು. ಅಲ್ಲಿ ಉದ್ಯಾನವಿದೆ, ಈಜುಕೊಳವಿದೆ. ಹಳೆಯ ಒಗೆಯುವ ತಾಣದ ಬಳಿ ಆಸ್ಮುಂಡರ್ ಸ್ವೇಯ್ನ್ಸನ್ ಎಂಬ ಶಿಲ್ಪಿ ರೂಪಿಸಿದ ಬಟ್ಟೆ ಒಗೆಯುವ ಹೆಂಗಸಿನ ಪ್ರತಿಮೆ ನಿಂತಿದೆ.