ಜಗಲಿಯ ದೀಪವನ್ನೂ ಆರಿಸಿರಿ

ಗೋಡೆಯ ಮೇಲೆ ಬಹುಕಾಲ ತೂಗಿದ್ದ ಪಟವನ್ನು ತೆಗೆದಾಗ ಅದರ ಗುರುತು ಅಲ್ಲೇ ಉಳಿದಿರುವುದನ್ನು ನೀವು ಕಂಡಿದ್ದೀರಷ್ಟೆ. ಕಂಪ್ಯೂಟರಿನ ತೆರೆಗೂ ಇಂಥದೇ ಗತಿ ಬರಬಹುದು. ಓಎಲ್‌ಇಡಿ ತೆರೆಯಲ್ಲಿ ಪ್ರತಿಯೊಂದು ಬಿಂದುವೂ ತಾನೇ ಬೆಳಗುತ್ತದೆ, ಬೆಳಗಿದಷ್ಟೂ ಸವೆಯುತ್ತದೆ. ಗಡಿಯಾರವೋ ಹೆಸರೋ ದಿನವೂ ಒಂದೇ ಜಾಗದಲ್ಲಿ ಗಂಟೆಗಟ್ಟಲೆ ನಿಂತರೆ ಅಲ್ಲಿಯ ಬಿಂದುಗಳು ಹೆಚ್ಚು ಸವೆದು, ಅದರ ನೆರಳು ಉಳಿದುಬಿಡುತ್ತದೆ. ಸವೆದದ್ದು ಮತ್ತೆ ತುಂಬಿಕೊಳ್ಳದು.

ಇದಕ್ಕೆ ಮದ್ದು, ಕೆಲಸವಿಲ್ಲದಾಗ ತೆರೆಯನ್ನು ಆರಿಸುವುದು. ಲಿನಕ್ಸಿನ ಗ್ನೋಮ್ ವ್ಯವಸ್ಥೆಯಲ್ಲಿ ನೀವು ಗೊತ್ತುಮಾಡಿದ ಅವಧಿ ಮುಗಿದೊಡನೆ ನಿಮ್ಮ ತೆರೆ ಆರಿ ಬೀಗ ಬೀಳುತ್ತದೆ. ಆದರೆ ಯಂತ್ರವನ್ನು ಹಾಕಿದೊಡನೆ ಕಾಣುವ ಲಾಗಿನ್ ತೆರೆಯ ಮಾತೇ ಬೇರೆ. ಅದನ್ನು ಜಿಡಿಎಂ ಎಂಬ ಪ್ರೋಗ್ರಾಂ ಬೇರೊಬ್ಬ ಬಳಕೆದಾರನ ಹೆಸರಿನಲ್ಲಿ ನಡೆಸುತ್ತದೆ. ನಿಮ್ಮ ಕೋಣೆಯ ದೀಪವಾರಿಸಿದರೆ ಜಗಲಿಯ ದೀಪ ಆರೀತೆ? ಜಿಡಿಎಂನ ಡಿಕಾನ್ಫ್ ಕಡತದಲ್ಲಿ ‘ಐಡಲ್-ಡಿಲೇ’ಯನ್ನು 60 ಸೆಕೆಂಡು ಎಂದು ಪ್ರತ್ಯೇಕವಾಗಿಯೇ ಬರೆಯಬೇಕು.

ಬರಿಯ ಅಕ್ಷರಗಳ ಲಾಗಿನ್ ತೆರೆಯಾದರೆ, 2017ರಿಂದೀಚಿನ ಕರ್ನಲ್ ಅದನ್ನು ತಾನಾಗಿ ಆರಿಸುವುದಿಲ್ಲ; ಬೂಟ್ ಸಾಲಿಗೆ ‘ಕನ್ಸೋಲ್‌ಬ್ಲ್ಯಾಂಕ್=60’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿರಿ.

ಇಂದು ರಾತ್ರಿ ಲಾಗ್‌ಔಟ್ ಮಾಡಿ ಎರಡು ನಿಮಿಷ ಕಾದು ನೋಡಿರಿ. ತೆರೆ ಇನ್ನೂ ಬೆಳಗುತ್ತಿದ್ದರೆ ಕೆಲಸ ಬಾಕಿಯಿದೆಯೆಂದೇ ಅರ್ಥ.