ಹಳೆಯ ಶಬ್ದಯಂತ್ರವೂ ಮಮಕಾರವೂ

ಪರಿಗ್ರಹ ಎಂದೊಡನೆ ಸಾಮಾನ್ಯವಾಗಿ ನೆನಪಿಗೆ ಬರುವುದು ಹೊಲ, ಮನೆ, ಚಿನ್ನ, ಬೆಳ್ಳಿ, ಧನ, ಧಾನ್ಯಗಳು. ಜೈನಾಚಾರ್ಯರು ಇಂತಹ ಬಾಹ್ಯ ಪರಿಗ್ರಹವನ್ನು 10 ಬಗೆಯಾಗಿ ಎಣಿಸಿದ್ದಾರೆ. ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಮಿಥ್ಯಾತ್ವ, ಕ್ರೋಧ ಮಾನ ಮಾಯಾ ಲೋಭಗಳೆಂಬ ನಾಲ್ಕು ಕಷಾಯಗಳು, ಹಾಸ್ಯ ರತಿ ಅರತಿ ಶೋಕ ಮೊದಲಾದ ಒಂಬತ್ತು ನೋಕಷಾಯಗಳು, ಹೀಗೆ 14 ಬಗೆಯ ಆಭ್ಯಂತರ ಪರಿಗ್ರಹವನ್ನೂ ಹೇಳಿದರು. ಹೊರಗಿನ ಪಟ್ಟಿಗಿಂತ ಒಳಗಿನ ಪಟ್ಟಿಯೇ ಉದ್ದವಾಗಿರುವುದು ಗಮನಾರ್ಹ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹದ ಲಕ್ಷಣ ಹೇಳುವಾಗ ಯಾವ ವಸ್ತುವಿನ ಹೆಸರನ್ನೂ ಎತ್ತುವುದಿಲ್ಲ. ಮೂರ್ಛೆಯನ್ನೇ, ಎಂದರೆ 'ಇದು ನನ್ನದು' ಎಂಬ ಮಮತ್ವಭಾವವನ್ನೇ ಅವರು ಪರಿಗ್ರಹವೆಂದು ಕರೆಯುತ್ತಾರೆ.

ಈ ಲಕ್ಷಣವನ್ನು ಒರೆಹಚ್ಚಿ ನೋಡಲು ದೊಡ್ಡ ಆಸ್ತಿಯೇ ಬೇಕೆಂದಿಲ್ಲ. ಮೇಜಿನ ಮೂಲೆಯಲ್ಲಿರುವ ಒಂದು ಸಣ್ಣ ಪೆಟ್ಟಿಗೆಯೂ ಸಾಕು.

ಸಂಗೀತಪ್ರಿಯರ ಮನೆಗಳಲ್ಲಿ 'ಡ್ಯಾಕ್' ಎಂಬ ಉಪಕರಣವಿರುತ್ತದೆ. ಡಿಜಿಟಲ್ ಟು ಅನಲಾಗ್ ಕನ್ವರ್ಟರ್ ಎಂಬುದರ ಸಂಕ್ಷಿಪ್ತ ರೂಪವಿದು. 1982ರಲ್ಲಿ ಜಪಾನಿನಲ್ಲಿ ಮೊದಲು ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ದನಿಯು ದನಿಯಾಗಿ ಇರುವುದಿಲ್ಲ, ಅಂಕಿಗಳಾಗಿ ಇರುತ್ತದೆ. ಒಂದು ಸೆಕೆಂಡಿನ ದನಿಯನ್ನು 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 65,536 ಮಟ್ಟಗಳಲ್ಲಿ ಒಂದೆಂದು ಬರೆದಿಟ್ಟಿರುತ್ತಾರೆ. ಆ ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಏರಿಳಿತವಾಗಿ ಮಾಡಿ ಧ್ವನಿವರ್ಧಕಕ್ಕೆ ಒಪ್ಪಿಸುವುದೇ ಡ್ಯಾಕ್‌ನ ಕೆಲಸ.

ಹಳೆಯ ಡ್ಯಾಕ್‌ಗಳು ಈ ಕೆಲಸವನ್ನು ತಕ್ಕಡಿಯಂತೆ ಮಾಡುತ್ತಿದ್ದವು. ಒಂದಕ್ಕಿಂತ ಒಂದು ಎರಡರಷ್ಟು ತೂಗುವ 16 ಬಟ್ಟುಗಳನ್ನು ಇಟ್ಟುಕೊಂಡು, ಬೇಕಾದ ತೂಕಕ್ಕೆ ತಕ್ಕವನ್ನು ಆರಿಸಿ ಹಾಕಿದಂತೆ. ಅತಿ ದೊಡ್ಡ ಬಟ್ಟು ಅತಿ ಚಿಕ್ಕದಕ್ಕಿಂತ 32,768 ಪಟ್ಟು ಭಾರವಾದುದರಿಂದ, ಅದರಲ್ಲಿ ಕೂದಲೆಳೆಯ ದೋಷವಿದ್ದರೂ ಚಿಕ್ಕ ಬಟ್ಟುಗಳ ಲೆಕ್ಕವೆಲ್ಲ ಕೆಡುತ್ತದೆ. ಹಾಲೆಂಡಿನ ಫಿಲಿಪ್ಸ್ ಸಂಸ್ಥೆ 1985ರ ಸುಮಾರಿಗೆ ಹೊರತಂದ ಟಿಡಿಎ 1541 ಎಂಬ ಚಿಪ್ ಈ ತೊಡಕನ್ನು ಜಾಣತನದಿಂದ ನಿವಾರಿಸಿತು. ಒಳಗಿನ ವಿದ್ಯುತ್ ಮೂಲಗಳನ್ನು ಸತತವಾಗಿ ಅದಲುಬದಲು ಮಾಡಿ, ಅವುಗಳ ದೋಷಗಳು ಒಂದನ್ನೊಂದು ಸರಿದೂಗಿಸುವಂತೆ ಮಾಡಿತು. ಇಂದಿಗೂ ಆ ಚಿಪ್ಪಿನ ದನಿಯನ್ನು ಕೊಂಡಾಡುವವರು ಹಲವು ದೇಶಗಳಲ್ಲಿದ್ದಾರೆ. ಇಂದಿನ ಡ್ಯಾಕ್‌ಗಳಲ್ಲಿ ಹೆಚ್ಚಿನವುಗಳ ಹಾದಿ ಬೇರೆ. ಕೆಲವೇ ಚಿಕ್ಕ ಬಟ್ಟುಗಳನ್ನು ಸೆಕೆಂಡಿಗೆ ಲಕ್ಷಾಂತರ ಬಾರಿ ಹಾಕುತ್ತಾ ತೆಗೆಯುತ್ತಾ, ಅದರ ಸರಾಸರಿಯಿಂದಲೇ ಬೇಕಾದ ಮಟ್ಟವನ್ನು ಪಡೆಯುತ್ತವೆ. ಗಾತ್ರ ಚಿಕ್ಕದು, ಅಳತೆಯಲ್ಲಿ ದೋಷ ತೀರ ಕಡಿಮೆ.

ಈಗ ಒಂದು ಜೈನ ಗೃಹಸ್ಥನ ಮನೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ಸುಮಾರು 30 ವರ್ಷಗಳಿಂದ ಒಂದು ಹಳೆಯ ಡ್ಯಾಕ್ ಇದೆ. ಈಗಿಲ್ಲದ ತಾಯಿ ಪ್ರತಿದಿನ ಬೆಳಿಗ್ಗೆ ಭಕ್ತಾಮರ ಸ್ತೋತ್ರವನ್ನು ಕೇಳುತ್ತಿದ್ದುದು ಅದರ ಮೂಲಕವೇ. ಈಚೆಗೆ ಒಂದು ಕಡೆಯ ದನಿ ಕುಗ್ಗಿದೆ, ನಡುನಡುವೆ ಗುಂಯ್ ಎಂಬ ಸದ್ದು. ಒಳಗಿನ ಕೆಪಾಸಿಟರುಗಳ ದ್ರವ ಒಣಗಿದೆ, ಅವನ್ನು ಬದಲಿಸಬಹುದು, ಆದರೆ ಮೂಲ ಚಿಪ್ ಕೆಟ್ಟರೆ ಅಂಥದನ್ನು ಈಗ ಯಾರೂ ತಯಾರಿಸುತ್ತಿಲ್ಲ, ಮಾರುಕಟ್ಟೆಯಲ್ಲಿ ಹೆಸರು ತಿದ್ದಿದ ನಕಲಿಗಳೂ ಇವೆ ಎಂದು ರಿಪೇರಿಯವರು ಹೇಳುತ್ತಾರೆ. ಮಗಳು ಅಂಗೈಯಗಲದ ಹೊಸದೊಂದನ್ನು ತಂದುಕೊಡುತ್ತಾಳೆ. ಅದೇ ಸಿ.ಡಿ., ಅದೇ ಸ್ತೋತ್ರ. ಕೇಳಿದ ಗೃಹಸ್ಥ ತಲೆಯಾಡಿಸುತ್ತಾನೆ: 'ಎಲ್ಲ ಸ್ಪಷ್ಟವಾಗಿದೆ, ಆದರೆ ಆ ಹಳೆಯ ಮಾಧುರ್ಯವಿಲ್ಲ.' ಇಲ್ಲಿ ಕಾಣೆಯಾದುದು ಯಾವುದು? ದನಿಯಲ್ಲಿದ್ದ ಏನಾದರೂ ಹೋಯಿತೇ, ಅಥವಾ ಕೇಳುವವನಲ್ಲಿದ್ದ ಏನಾದರೂ ಕದಡಿತೇ?

ಶಬ್ದವೆಂದರೆ ಏನು?

ಮೊದಲು ಶಬ್ದದ ಸ್ವರೂಪವನ್ನು ನೋಡಬೇಕು. ಶಬ್ದವು ನಿತ್ಯವೆಂದು ಮೀಮಾಂಸಕರು ವಾದಿಸಿದರು. ಅದು ಆಕಾಶದ ಗುಣವೆಂದು ವೈಶೇಷಿಕರು ಹೇಳಿದರು. ಜೈನದರ್ಶನ ಎರಡನ್ನೂ ಒಪ್ಪಲಿಲ್ಲ. ಶಬ್ದವು ಪುದ್ಗಲದ ಒಂದು ಪರ್ಯಾಯ, ಎಂದರೆ ಜಡದ್ರವ್ಯವು ತಾಳುವ ಒಂದು ಅವಸ್ಥೆ ಎಂದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯ ತಿಳಿಸುತ್ತದೆ. ಕನ್ನಡ ನಾಡಿನೊಡನೆ ಹೆಸರು ಬೆಸೆದುಕೊಂಡ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಶಬ್ದವನ್ನು ಇನ್ನೂ ವಿಂಗಡಿಸುತ್ತಾರೆ. ಮೋಡದ ಗುಡುಗಿನಂತೆ ತಾನಾಗಿ ಹುಟ್ಟುವುದು ಒಂದು. ಪ್ರಯತ್ನದಿಂದ ಹುಟ್ಟುವುದು ಇನ್ನೊಂದು. ಭೇರಿಯಂತಹ ಚರ್ಮವಾದ್ಯಗಳ ದನಿ ತತ, ವೀಣೆಯಂತಹ ತಂತಿವಾದ್ಯಗಳದು ವಿತತ, ತಾಳ ಘಂಟೆಗಳದು ಘನ, ಕೊಳಲು ಶಂಖಗಳದು ಸೌಷಿರ.

ಪರ್ಯಾಯವೆಂದ ಮೇಲೆ ಅದು ಹುಟ್ಟುತ್ತದೆ, ಅಳಿಯುತ್ತದೆ. ತಾಯಿ ಕೇಳಿದ ಆ ಬೆಳಗಿನ ದನಿ ಆ ಬೆಳಿಗ್ಗೆಯೇ ಅಳಿಯಿತು. ಮರುದಿನ ಅದೇ ಯಂತ್ರದಿಂದ ಬಂದುದೂ ಬೇರೆಯ ದನಿಯೇ. ಹಳೆಯ ಪೆಟ್ಟಿಗೆ ಯಾವ ದನಿಯನ್ನೂ ತನ್ನೊಳಗೆ ಕೂಡಿಟ್ಟಿರಲಿಲ್ಲ. ಅದು ದಿನದಿನವೂ ಹೊಸ ದನಿಯನ್ನೇ ಹುಟ್ಟಿಸುತ್ತಿತ್ತು.

ಕಿವಿಯ ಸಾಕ್ಷ್ಯ

ಇನ್ನು ಕೇಳುವ ಕ್ರಿಯೆ. ಮತಿಜ್ಞಾನವು ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ನಡೆಯುತ್ತದೆ. ಏನೋ ಕೇಳಿಸಿತು ಎಂಬುದು ಮೊದಲ ಗ್ರಹಣ. ಏನಿರಬಹುದೆಂಬ ವಿಚಾರ ಎರಡನೆಯದು. ಇದೇ ಎಂಬ ನಿರ್ಣಯ ಮೂರನೆಯದು. ಅದನ್ನು ಮನದಲ್ಲಿ ಉಳಿಸಿಕೊಳ್ಳುವುದು ನಾಲ್ಕನೆಯದು. ಹೊಸ ಯಂತ್ರದ ದನಿ ಈಗ ಕಿವಿಗೆ ನೇರವಾಗಿ ಬರುತ್ತಿದೆ. ಹಳೆಯ ಯಂತ್ರದ ದನಿಯಾದರೋ ಧಾರಣೆಯಿಂದ ಏಳುವ ಸ್ಮೃತಿ ಮಾತ್ರ. 'ಇದು ಅದರಂತಿಲ್ಲ' ಎಂಬ ತೀರ್ಮಾನವು ಪ್ರತ್ಯಕ್ಷವನ್ನೂ ಸ್ಮೃತಿಯನ್ನೂ ಜೋಡಿಸಿದಾಗ ಹುಟ್ಟುವ ಜ್ಞಾನ. ಇದನ್ನು ಜೈನ ತರ್ಕಶಾಸ್ತ್ರ ಪ್ರತ್ಯಭಿಜ್ಞಾನವೆಂದು ಕರೆಯುತ್ತದೆ. ಮಾಣಿಕ್ಯನಂದಿಗಳ ಪರೀಕ್ಷಾಮುಖದಲ್ಲಿ ಇದಕ್ಕೆ ಹಸುವಿನ ಉದಾಹರಣೆಯಿದೆ: ಕಾಡುಹಸು ಹಸುವನ್ನು ಹೋಲುತ್ತದೆ, ಎಮ್ಮೆ ಹೋಲುವುದಿಲ್ಲ.

ಹಸುವಿನ ನೆನಪು ಎಲ್ಲರಲ್ಲೂ ಗಟ್ಟಿಯಾಗಿರುತ್ತದೆ. ದನಿಯ ನೆನಪು ಹಾಗಲ್ಲ. ಅದು ಬಹುಬೇಗ ಮಸುಕಾಗುತ್ತದೆ, ರತಿ ಶೋಕಗಳ ಬಣ್ಣ ಅದಕ್ಕೆ ಸುಲಭವಾಗಿ ಅಂಟುತ್ತದೆ. ಆದ್ದರಿಂದಲೇ ಈ ವಿಷಯ ಬಲ್ಲವರು ಹೋಲಿಕೆಗೆ ನಿಯಮಗಳನ್ನು ಇಟ್ಟುಕೊಂಡಿದ್ದಾರೆ. ಎರಡು ಯಂತ್ರಗಳ ದನಿಯ ಜೋರನ್ನು ಮಾಪಕದಿಂದ ಸರಿಸಮ ಮಾಡಬೇಕು. ಏಕೆಂದರೆ ತುಸು ಜೋರಾಗಿರುವುದೇ ಇಂಪೆಂದು ಕಿವಿ ಮೋಸಹೋಗುತ್ತದೆ. ಯಾವುದು ನುಡಿಯುತ್ತಿದೆ ಎಂಬುದು ಕೇಳುವವನಿಗೆ ತಿಳಿಯದಂತೆ ಬೇರೊಬ್ಬರು ಬದಲಿಸಬೇಕು. ಹೀಗೆ ಮಾಡಿದಾಗ ಎಷ್ಟೋ ಸಂದರ್ಭಗಳಲ್ಲಿ ಮೊದಲು ಬೆಟ್ಟದಂತೆ ತೋರಿದ ಅಂತರ ಸಾಸಿವೆಯಾಗುತ್ತದೆ. ಕೆಲವೊಮ್ಮೆ ನಿಜವಾದ ಅಂತರವೂ ಉಳಿಯುತ್ತದೆ, ಏಕೆಂದರೆ ಹಳೆಯ ಯಂತ್ರಗಳ ಶೋಧಕಗಳು ಮೇಲಿನ ಸ್ವರಗಳನ್ನು ತುಸು ಮೆದುಗೊಳಿಸುವುದುಂಟು.

ಇಲ್ಲಿ ಎರಡು ಪಂಗಡಗಳಿವೆ. ಅಳತೆಯೇ ಸತ್ಯ, ಉಳಿದುದು ಭ್ರಮೆ ಎನ್ನುವವರು ಒಂದು ಕಡೆ; ಕಿವಿಯೇ ಪ್ರಮಾಣ, ಮಾಪಕಕ್ಕೆ ಸಂಗೀತ ತಿಳಿಯದು ಎನ್ನುವವರು ಇನ್ನೊಂದು ಕಡೆ. ಅನೇಕಾಂತದ ದೃಷ್ಟಿಯಲ್ಲಿ ಎರಡೂ ನಯಗಳೇ. ಮಾಪಕವು ವಿದ್ಯುತ್ತಿನ ದೋಷವನ್ನು ಹೇಳಬಲ್ಲದು, ಹೃದಯದ ತೃಪ್ತಿಯನ್ನು ಹೇಳಲಾರದು. ಕಿವಿ ತೃಪ್ತಿಯನ್ನು ಹೇಳಬಲ್ಲದು, ಅದರ ಕಾರಣವನ್ನು ಹೇಳಲಾರದು. ತನ್ನ ಮಾತನ್ನು ಹೇಳಿ ಇನ್ನೊಂದಕ್ಕೆ ಎಡೆಗೊಟ್ಟರೆ ಅದು ಸುನಯ. ಇನ್ನೊಂದನ್ನು ಅಲ್ಲಗಳೆದರೆ ದುರ್ನಯ. ಒಂದು ಪೆಟ್ಟಿಗೆಯ ವಿಷಯಕ್ಕೆ ಗೆಳೆಯರು ಮುನಿಸಿಕೊಂಡರೆ ಅಲ್ಲಿ ಮಾನಕಷಾಯ ಕೆಲಸ ಮಾಡುತ್ತಿದೆ ಎಂದೇ ತಿಳಿಯಬೇಕು.

ಕೊಡ, ಕಿರೀಟ, ಬಂಗಾರ

ಸಮಂತಭದ್ರಾಚಾರ್ಯರ ಆಪ್ತಮೀಮಾಂಸೆಯಲ್ಲಿ ಒಂದು ಪ್ರಸಿದ್ಧ ದೃಷ್ಟಾಂತವಿದೆ. ಬಂಗಾರದ ಕೊಡವನ್ನು ಕರಗಿಸಿ ಕಿರೀಟ ಮಾಡಲಾಗುತ್ತದೆ. ಕೊಡವನ್ನು ಬಯಸಿದವನಿಗೆ ದುಃಖ, ಕಿರೀಟವನ್ನು ಬಯಸಿದವನಿಗೆ ಸಂತೋಷ. ಬಂಗಾರವನ್ನಷ್ಟೇ ಬಯಸಿದವನಿಗೆ ಎರಡೂ ಇಲ್ಲ, ಅವನು ಮಧ್ಯಸ್ಥ. ಘಟನೆ ಒಂದೇ, ಭಾವ ಮೂರು. ಉತ್ಪಾದ, ವ್ಯಯ, ಧ್ರೌವ್ಯ ಮೂರೂ ಒಂದೇ ವಸ್ತುವಿನಲ್ಲಿ ಏಕಕಾಲಕ್ಕೆ ಇರುವುದರಿಂದಲೇ ಮೂವರ ಭಾವಕ್ಕೂ ಆಧಾರವಿದೆ ಎಂಬುದು ಆಚಾರ್ಯರ ತಾತ್ಪರ್ಯ.

ಹಳೆಯ ಡ್ಯಾಕ್ ಹೋಗಿ ಹೊಸದು ಬಂದ ಮನೆಯಲ್ಲೂ ಈ ಮೂವರು ಸಿಗುತ್ತಾರೆ. ಪೆಟ್ಟಿಗೆಯನ್ನು ಪ್ರೀತಿಸಿದವನು ಮರುಗುತ್ತಾನೆ. ಹೊಸತನವನ್ನು ಪ್ರೀತಿಸುವವನು ಹಿಗ್ಗುತ್ತಾನೆ. ಸ್ತೋತ್ರದ ಭಾವವನ್ನು ಬಯಸಿ ಕುಳಿತವನು ಕಣ್ಣು ಮುಚ್ಚಿ ಕೇಳುತ್ತಾನೆ. ಮರುಗುವವನನ್ನು ಕಂಡು ನಗಬೇಕಾಗಿಲ್ಲ. ಅವನ ಶೋಕ ಯಂತ್ರಕ್ಕಾಗಿ ಅಲ್ಲ, ತಾಯಿಗಾಗಿ. ಆ ದುಃಖ ಹೊರಬರಲು ಯಂತ್ರವೊಂದು ನೆಪವಾಗಿದೆ. ಅದನ್ನು ಅವನು ಗುರುತಿಸಿದ ದಿನ ಪೆಟ್ಟಿಗೆಯ ಮೇಲಿನ ಹಿಡಿತ ತಾನಾಗಿ ಸಡಿಲವಾಗುತ್ತದೆ. ತಾಯಿ ಅವನಿಗೆ ಬಿಟ್ಟುಹೋದುದು ಬೆಳಗಿನ ಹೊತ್ತು ಕುಳಿತು ಕೇಳುವ ಅಭ್ಯಾಸವನ್ನು. ಅದಕ್ಕೆ ಕೆಪಾಸಿಟರುಗಳು ಬೇಕಿಲ್ಲ.

ಹಿಗ್ಗುವವನಿಗೂ ಎಚ್ಚರ ಬೇಕು. ಹಳೆಯದರ ಮೋಹ ಬಿಟ್ಟು ಹೊಸದರ ಮೋಹ ಹಿಡಿದರೆ ಮೂರ್ಛೆ ತನ್ನ ಆಸರೆಯನ್ನು ಬದಲಿಸಿತಷ್ಟೇ. ಹೊಸದೂ ಸ್ಥಿರವಲ್ಲ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೋಕಾದಲ್ಲಿ ಎಕೆಎಂ ಸಂಸ್ಥೆಯ ಚಿಪ್ ಕಾರ್ಖಾನೆಗೆ ಬೆಂಕಿ ಬಿದ್ದಿತು. ಆ ಚಿಪ್ಪುಗಳನ್ನೇ ನಂಬಿದ್ದ ಎಷ್ಟೋ ತಯಾರಕರು ತಮ್ಮ ಹೊಚ್ಚಹೊಸ ಉಪಕರಣಗಳನ್ನು ಬೇರೆ ಚಿಪ್ಪುಗಳಿಗೆ ತಕ್ಕಂತೆ ಮತ್ತೆ ರೂಪಿಸಬೇಕಾಯಿತು.

ಗೃಹಸ್ಥನ ಕರ್ತವ್ಯ

ಮುನಿಗಳಿಗೆ ಅಪರಿಗ್ರಹ ಮಹಾವ್ರತ. ಶ್ರಾವಕನಿಗೆ ಅದು ಪರಿಮಾಣ ವ್ರತ. ಒಮ್ಮೆ ಮಾತ್ರ ಬಳಕೆಯಾಗುವ ಅನ್ನಾದಿಗಳು ಭೋಗ, ಮತ್ತೆ ಮತ್ತೆ ಬಳಸುವ ವಸ್ತ್ರಾದಿಗಳು ಉಪಭೋಗ ಎಂದು ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುತ್ತಾರೆ. ದನಿಯಂತ್ರ ಉಪಭೋಗ. ಅದಕ್ಕೂ ಮಿತಿ ಇರಬೇಕು. ಮನೆಯಲ್ಲಿ ಇಂತಹುದು ಒಂದೇ ಎಂದು ನಿಶ್ಚಯಿಸಿದವನು, ಹೊಸದು ಬಂದ ದಿನವೇ ಹಳೆಯದರ ದಾರಿಯನ್ನೂ ನಿಶ್ಚಯಿಸಬೇಕು. ಹಳೆಯದು ರಿಪೇರಿಯಾಗುವುದಾದರೆ ಹೊಸದನ್ನು ಕೊಳ್ಳದಿರುವುದೂ ವ್ರತವೇ. ಕೆಟ್ಟದ್ದನ್ನು ಸರಿಪಡಿಸಿ ಬಳಸುವುದು ಲೋಭವಲ್ಲ. ಕೆಟ್ಟದ್ದನ್ನು ಬೀರುವಿನಲ್ಲಿಟ್ಟು, ಅದಕ್ಕೆಂದು ಇನ್ನೂ ನಾಲ್ಕು ಹಳೆಯ ಚಿಪ್ಪುಗಳನ್ನು ಹುಡುಕಿ ಕೂಡಿಡುವುದು ಲೋಭ.

ತ್ಯಜಿಸುವುದಕ್ಕೂ ಕ್ರಮವಿದೆ. ವಸ್ತುವನ್ನು ಎತ್ತುವಾಗ, ಇಡುವಾಗ ಜೀವಿಗಳಿಗೆ ನೋವಾಗದಂತೆ ನೋಡಿಕೊಳ್ಳುವುದು ಆದಾನ-ನಿಕ್ಷೇಪಣ ಸಮಿತಿ. ವಿಸರ್ಜಿಸುವಾಗಿನ ಎಚ್ಚರ ಉತ್ಸರ್ಗ ಸಮಿತಿ. ಇವು ಮುನಿಧರ್ಮವಾದರೂ ಇವುಗಳ ಭಾವ ಶ್ರಾವಕನಿಗೂ ಬೇಕು. ಹಳೆಯ ವಿದ್ಯುನ್ಮಾನ ಫಲಕಗಳ ಬೆಸುಗೆಯಲ್ಲಿ ಸೀಸವಿರುತ್ತದೆ. ತಿಪ್ಪೆಗೆ ಎಸೆದರೆ ಅದು ಮಣ್ಣಿಗೂ ನೀರಿಗೂ ಇಳಿಯಬಹುದು. ತಂತಿಯ ತಾಮ್ರಕ್ಕಾಗಿ ಸುಟ್ಟರೆ ಹೊಗೆ ಗಾಳಿಯನ್ನು ಕೆಡಿಸುತ್ತದೆ. ಪೃಥ್ವೀಕಾಯ, ಅಪ್ಕಾಯ, ವಾಯುಕಾಯ ಜೀವಗಳನ್ನು ನಂಬುವವರಿಗೆ ಇದು ಕಸದ ಪ್ರಶ್ನೆಯಷ್ಟೇ ಅಲ್ಲ, ಹಿಂಸೆಯ ಪ್ರಶ್ನೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತದ ಇ-ತ್ಯಾಜ್ಯ ನಿಯಮಗಳೂ ಇಂತಹವನ್ನು ನೋಂದಾಯಿತ ಮರುಬಳಕೆದಾರರಿಗೇ ಸೇರಿಸಬೇಕೆನ್ನುತ್ತವೆ.

ನಡೆಯುವ ಸ್ಥಿತಿಯಲ್ಲಿದ್ದರೆ ದಾನ ಮಾಡಬಹುದು. ಊರಿನ ಪಾಠಶಾಲೆಗೋ, ಬಸದಿಯ ಸ್ವಾಧ್ಯಾಯ ಮಂದಿರಕ್ಕೋ ಕೊಟ್ಟರೆ, ಅಲ್ಲಿ ಪ್ರವಚನ ಸ್ತೋತ್ರಗಳನ್ನು ನುಡಿಸುವ ಆ ಪೆಟ್ಟಿಗೆ ಜ್ಞಾನದಾನದ ಭಾವಕ್ಕೆ ಹತ್ತಿರವಾಗುತ್ತದೆ. ಆದರೆ ಕೆಟ್ಟುಹೋದುದನ್ನು ದಾನದ ಹೆಸರಿನಲ್ಲಿ ದಾಟಿಸಬಾರದು. ಕೊಟ್ಟ ಮೇಲೆ ಹೋಗಿ ಹೇಗಿದೆಯೆಂದು ವಿಚಾರಿಸುತ್ತಾ ಕೂರಲೂಬಾರದು.

ದಶಲಕ್ಷಣ ಪರ್ವದಲ್ಲಿ ಎಂಟನೆಯ ದಿನ ಉತ್ತಮ ತ್ಯಾಗ, ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ. ಕೈಯಿಂದ ಬಿಡುವುದು ಮೊದಲು; 'ನನ್ನದೆಂಬುದು ಯಾವುದೂ ಇಲ್ಲ' ಎಂದು ಮನಸ್ಸು ಒಪ್ಪುವುದು ಆಮೇಲೆ. ಮುಂದಿನ ಪರ್ವದೊಳಗೆ ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯೂ ಮನೆಯ ಬೀರುಗಳನ್ನು ಒಮ್ಮೆ ತೆರೆದು, ಬಳಸದೆ ಇಟ್ಟುಕೊಂಡ ಒಂದು ಪ್ರಿಯವಸ್ತುವನ್ನಾದರೂ ಗುರುತಿಸಲಿ. ಅದು ರೇಡಿಯೋ ಇರಬಹುದು, ಗಡಿಯಾರವಿರಬಹುದು, ಕ್ಯಾಮೆರಾ ಇರಬಹುದು. ಎಂಟನೆಯ ದಿನ ಅದನ್ನು ತಕ್ಕವರಿಗೆ ತಲುಪಿಸಿ, ಒಂಬತ್ತನೆಯ ದಿನದ ಸಾಮಾಯಿಕದಲ್ಲಿ ಮನಸ್ಸು ಎಷ್ಟು ಸಲ ಆ ಬೀರುವಿನ ಕಡೆಗೆ ಹೊರಳಿತೆಂದು ಎಣಿಸಿಕೊಳ್ಳಲಿ.